ಕಣ್ಣಿಗೊಂದು ಪುಸ್ತಕ, ಕಿವಿಗೊಂದು ಪುಸ್ತಕ

ಪ್ರಶ್ನೆ: ನಾವು ಶಿವಮೊಗ್ಗದವರು. ಮಗನಿಗೆ 11 ವರ್ಷ, ಮಗಳಿಗೆ 6. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತೆಲ್ಲ ಕನ್ನಡವೇ. ಆದರೆ ಮಗನಿಗೆ ಕನ್ನಡ ಕತೆಪುಸ್ತಕ ಕೊಟ್ಟರೆ ಎರಡು ಪುಟ ಓದಿ ಪಕ್ಕಕ್ಕಿಡುತ್ತಾನೆ. ಇಂಗ್ಲಿಷ್ ಪುಸ್ತಕ ಆದರೆ ಎರಡು ದಿನದಲ್ಲಿ ಮುಗಿಸುತ್ತಾನೆ. ಅಂಗಡಿಯಲ್ಲಿ ಕೇಳಿದರೆ ಪಂಚತಂತ್ರ, ತೆನಾಲಿ ರಾಮಕೃಷ್ಣ, ನೀತಿಕತೆ, ಇಷ್ಟೇ ತೋರಿಸುತ್ತಾರೆ. ಕನ್ನಡದಲ್ಲಿ ಮಕ್ಕಳಿಗೆ ಹೊಸ ಪುಸ್ತಕ ಬರುತ್ತಲೇ ಇಲ್ವಾ? ನಮ್ಮ ಅಕ್ಕನ ಮಗಳಿಗೆ ಈಗ 14 ತುಂಬುತ್ತದೆ, ಅವಳಿಗೂ ಒಂದು ಪುಸ್ತಕ ಕೊಡಬೇಕು. ಸದಾ ಮೊಬೈಲ್ ಹಿಡಿದಿರುತ್ತಾಳೆ. ಎಲ್ಲ ಸೇರಿ 1500 ರೂಪಾಯಿ ತೆಗೆದಿಟ್ಟಿದ್ದೇನೆ. ಏನೇನು ಕೊಳ್ಳಲಿ?

ಉತ್ತರ: ನಮಸ್ಕಾರ. ಹೊಸ ಪುಸ್ತಕಗಳು ಬರುತ್ತಿವೆ. ಚೆನ್ನಾಗಿರುವ ಪುಸ್ತಕಗಳೇ ಬರುತ್ತಿವೆ. ಹೆಸರುಗಳನ್ನು ಖಂಡಿತ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಮಗ ಯಾಕೆ ಎರಡೇ ಪುಟಕ್ಕೆ ಪುಸ್ತಕ ಇಡುತ್ತಾನೆ ಅಂತ ಸ್ವಲ್ಪ ನೋಡೋಣ. ಅದು ತಿಳಿಯದೆ ಕೊಂಡರೆ ಈ 1500 ರೂಪಾಯಿಯ ಪುಸ್ತಕಗಳೂ ಕಪಾಟಿನಲ್ಲೇ ಕೂರುತ್ತವೆ.

ನಾನು ಮಕ್ಕಳ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾ 20 ವರ್ಷ ಆಯಿತು. ನಿಮ್ಮ ಮಗನಂಥ ಹುಡುಗ ಹುಡುಗಿಯರು ನನಗೆ ವಾರವಾರವೂ ಸಿಗುತ್ತಾರೆ. ಇವರ ಕಿವಿಗೆ 11 ವರ್ಷ, ಕಣ್ಣಿಗೆ ಮಾತ್ರ ಆರೋ ಏಳೋ. ಕನ್ನಡದಲ್ಲಿ ಕತೆ ಹೇಳಿದರೆ ಎಷ್ಟು ದೊಡ್ಡದಾದರೂ ಕೂತು ಕೇಳುತ್ತಾರೆ. ಅಜ್ಜಿ ಹೇಳುವ ಗಾದೆ, ಮಾವ ಮಾಡುವ ತಮಾಷೆ, ಮನೆಯಲ್ಲಿ ಪಿಸುಗುಟ್ಟುವ ಜಗಳ, ಎಲ್ಲ ಅರ್ಥವಾಗುತ್ತದೆ. ಅದೇ ಮಾತು ಅಚ್ಚಿನಲ್ಲಿ ಬಂದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋಗಬೇಕು.

ಒಂದು ಸಲ ಆರನೇ ಕ್ಲಾಸಿನ ಹುಡುಗನೊಬ್ಬ ನನ್ನ ಪಕ್ಕ ಕೂತು ಓದುತ್ತಿದ್ದ. 'ಸೂ' ಅಂದ, ನಿಂತ. ಬೆರಳು ಯ ಮೇಲೆ ಬಂತು. 'ಸೂಯ' ಅಂದ. ಅದರ ಮುಂದೆ ಅರ್ಕಾವೊತ್ತು ಇತ್ತು. 'ಸೂಯರ?' ಅಂತ ನನ್ನ ಮುಖ ನೋಡಿದ. ಅದೇ ಪುಟದಲ್ಲಿ ಅಂಗೈ ಅಗಲದ ಹಳದಿ ಸೂರ್ಯನ ಚಿತ್ರ ಇತ್ತು. ಅವನಿಗೆ ಅದನ್ನು ನೋಡಲು ಪುರುಸೊತ್ತೇ ಇರಲಿಲ್ಲ. ಕಣ್ಣೆಲ್ಲ ಆ ಒಂದು ಅಕ್ಷರದ ಮೇಲೆ. ಬಾಯಿಗೆ ಮೊದಲು ಬರುವ ರ್ ಬರಹದಲ್ಲಿ ಆಮೇಲೆ ಬರುತ್ತದಲ್ಲ, ಇದು ಎಷ್ಟೋ ಮಕ್ಕಳು ಎಡವುವ ಜಾಗ. ನಾನು 'ಸೂರ್ಯ' ಅಂದ ಕೂಡಲೇ ಅವನು ನಕ್ಕುಬಿಟ್ಟ. ಆ ಪದ ಅವನಿಗೆ ಎರಡು ವರ್ಷದವನಾಗಿದ್ದಾಗಲೇ ಗೊತ್ತು.

ನಾವು ಸುಲಭವಾಗಿ ಕನ್ನಡಕ್ಕೆ 49 ಅಕ್ಷರ ಅಂದುಬಿಡುತ್ತೇವೆ. ಓದುವ ಮಗುವಿಗೆ 49 ಸಾಲುವುದಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಕೆಳಗೆ ಒತ್ತು, ಕೆಲವು ಒತ್ತಿಗೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ. ತ ಒತ್ತು, ಮ ಒತ್ತು, ರ ಒತ್ತು ನೋಡಿ, ಗೊತ್ತಾಗುತ್ತದೆ. ಇದೆಲ್ಲ ಕಣ್ಣಿಗೆ ಪಳಗಬೇಕಾದರೆ ದಿನವೂ ಓದಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಕನ್ನಡಕ್ಕೆ ಸಿಗುವುದು ದಿನಕ್ಕೆ ಒಂದು ಪೀರಿಯಡ್. ವಿಜ್ಞಾನ, ಸಮಾಜ, ಗಣಿತದ ಲೆಕ್ಕದ ಮಾತಿನಿಂದ ಹಿಡಿದು ಚಾಕೊಲೇಟಿನ ಕವರಿನವರೆಗೆ ಅವನ ಕಣ್ಣು ಇಂಗ್ಲಿಷನ್ನೇ ಜಾಸ್ತಿ ಓದುತ್ತದೆ. ಹಾಗಾಗಿ ಇಂಗ್ಲಿಷ್ ಪುಸ್ತಕ ಬೇಗ ಮುಗಿಯುತ್ತದೆ. ಅವನಿಗೆ ಕನ್ನಡ ಇಷ್ಟ ಇಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಅವನೆದುರು ಹಾಗೆ ಅನ್ನಲೂ ಬೇಡಿ. ಒಮ್ಮೆ ಹಾಗೆ ಅನ್ನಿಸಿಕೊಂಡ ಮಗು ಅದನ್ನೇ ನಿಜ ಅಂತ ನಂಬಿಕೊಳ್ಳುತ್ತದೆ.

ಹೀಗಾಗಿ ನನ್ನ ಸಲಹೆ ಇಷ್ಟು. ಮನೆಯಲ್ಲಿ ಪುಸ್ತಕಗಳ ಎರಡು ಸಾಲು ಮಾಡಿ. ಒಂದು ಕಣ್ಣಿನ ಪುಸ್ತಕ, ಮಗು ತಾನೇ ಓದುವುದು. ಇನ್ನೊಂದು ಕಿವಿಯ ಪುಸ್ತಕ, ನೀವು ಓದಿ ಹೇಳುವುದು. ಇವೆರಡನ್ನೂ ಒಂದೇ ಪುಸ್ತಕದಲ್ಲಿ ಹುಡುಕಲು ಹೋದಾಗಲೇ ನಾವು ಸೋಲುವುದು. 11 ವರ್ಷದ ಹುಡುಗನಿಗೆ ಹಿಡಿಸುವ ಕತೆ ಕೊಟ್ಟರೆ ಅವನ ಕಣ್ಣು ಸೋಲುತ್ತದೆ. ಅವನ ಕಣ್ಣಿಗೆ ಸುಲಭವಾದ ಪುಸ್ತಕ ಕೊಟ್ಟರೆ ಇದು ಪಾಪುಗಳದ್ದು ಅಂತ ಮುಖ ತಿರುಗಿಸುತ್ತಾನೆ.

ಈ ಮುಖ ತಿರುಗಿಸುವುದರ ಬಗ್ಗೆ ಒಂದು ಮಾತು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ದಪ್ಪನೆಯ ಇಂಗ್ಲಿಷ್ ಕಾದಂಬರಿಯ ಒಳಗೆ ಕನ್ನಡದ 16 ಪುಟದ ಚಿತ್ರಪುಸ್ತಕ ಇಟ್ಟುಕೊಂಡು ಮೂಲೆಯಲ್ಲಿ ಓದುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಹಾಳೆ ತಿರುಗಿಸಿಬಿಡುತ್ತಿದ್ದ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಎರಡು ವಾರ ಆದ ಮೇಲೆ ಅವನನ್ನು ಕರೆದು, 'ಶನಿವಾರ ಪುಟ್ಟ ಮಕ್ಕಳಿಗೆ ಕತೆ ಓದಿ ಹೇಳೋರು ಯಾರೂ ಇಲ್ಲ, ನೀನು ಓದ್ತೀಯಾ?' ಅಂದೆ. ಆಮೇಲೆ ಅವನು ಆ ಪುಸ್ತಕಗಳನ್ನು ಎಲ್ಲರೆದುರೇ ಎದೆಗೊತ್ತಿಕೊಂಡು ಓಡಾಡಿದ. ಶನಿವಾರದ ಕತೆಯನ್ನು ಶುಕ್ರವಾರ ನಾಲ್ಕು ಸಲ ಓದಿ ತಯಾರಾಗಿ ಬರುತ್ತಿದ್ದ. ನಾಲ್ಕು ಸಲ!

ನಿಮ್ಮ ಮನೆಯಲ್ಲಿ 6 ವರ್ಷದ ತಂಗಿ ಇದ್ದಾಳೆ. ಇದಕ್ಕಿಂತ ಇನ್ನೇನು ಬೇಕು? ಅವಳ ಪುಸ್ತಕಗಳನ್ನು ಓದಿ ಹೇಳುವ ಕೆಲಸ ಅಣ್ಣನಿಗೆ ಕೊಡಿ. 'ನನಗೆ ಅಡಿಗೆ ಕೆಲಸ ಇದೆ, ಇವಳಿಗೆ ಒಂದು ಕತೆ ಓದಿ ಹೇಳೋ' ಅಂದರೆ ಸಾಕು. ಅವನಿಗೆ ಓದು ಕಲಿಸುತ್ತಿದ್ದೀರಿ ಅನ್ನುವ ಸುಳಿವೇ ಬೇಡ. ಇಬ್ಬರ ಕಣ್ಣಿಗೂ ಒಂದೇ ಪುಸ್ತಕ ಸಾಕಾಗುತ್ತದೆ, ದುಡ್ಡೂ ಉಳಿಯುತ್ತದೆ.

ಈ ಕಣ್ಣಿನ ಪುಸ್ತಕಗಳಿಗೆ ನಾನು ಮೊದಲು ತೋರಿಸುವುದು ಪ್ರಥಮ್ ಬುಕ್ಸ್. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಇದು, ಲಾಭಕ್ಕೆ ನಡೆಯುವುದಲ್ಲ. ಪುಸ್ತಕಗಳನ್ನು ಓದಿನ ಕಷ್ಟದ ಮೇಲೆ ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ಅದೇ ಪದ ಮತ್ತೆ ಮತ್ತೆ ಬರುತ್ತದೆ. ನಾಲ್ಕನೇ ಹಂತಕ್ಕೆ ಬರುವಾಗ ಉದ್ದದ ಕತೆ. ಮಗಳಿಗೆ ಒಂದು ಮತ್ತು ಎರಡನೇ ಹಂತದ್ದು ತನ್ನಿ. ಮಗನಿಗೂ ಅಲ್ಲಿಂದಲೇ ಶುರು ಮಾಡಿ, ಬೇಗ ಮೂರಕ್ಕೆ ಏರುತ್ತಾನೆ. ಇವುಗಳ ಬೆಲೆಯೂ ಕಡಿಮೆ.

ಅವರ ಪುಸ್ತಕಗಳಲ್ಲಿ ನಮ್ಮ ಮಕ್ಕಳಿಗೆ ಅಚ್ಚುಮೆಚ್ಚಿನವನು ಶೃಂಗೇರಿ ಶ್ರೀನಿವಾಸ ಅನ್ನುವ ರೈತ. ಅವನಿಗೆ ಉದ್ದ ಕೂದಲು. ವರ್ಷಕ್ಕೊಂದೇ ದಿನ ಕತ್ತರಿಸಿಕೊಳ್ಳುತ್ತಾನೆ. ಆ ದಿನ ಬಂತು, ಆದರೆ ಕ್ಷೌರದವನಿಗೆ ಪುರುಸೊತ್ತಿಲ್ಲ. ಹೆಂಡತಿಗೂ ಇಲ್ಲ, ದರ್ಜಿಗೂ ಇಲ್ಲ, ಬಡಗಿಗೂ ಇಲ್ಲ. ಸಿಟ್ಟು ಬಂದು ಕಾಡಿಗೆ ಹೋಗುತ್ತಾನೆ, ಅಲ್ಲಿ ಹುಲಿ ಇದೆ. ಓದಲು ಕಲಿಯುವ ಮಗುವಿಗೆ ಇಂಥ ಕತೆ ಯಾಕೆ ಒಳ್ಳೆಯದು ಅಂದರೆ, ಕೇಳುವ ಪ್ರಶ್ನೆ ಅದೇ, ಬರುವ ಉತ್ತರ ಅದೇ, ಆಳು ಮಾತ್ರ ಬೇರೆ. ಮೂರನೇ ಸಲ ಬರುವ ಹೊತ್ತಿಗೆ ಕಣ್ಣು ಆ ಸಾಲನ್ನು ಇಡಿಯಾಗಿ ಹಿಡಿದುಬಿಡುತ್ತದೆ.

ಇದೇ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಅಂತ ಒಂದು ಜಾಲತಾಣ ಶುರು ಮಾಡಿತು. ಅಲ್ಲಿ ಕನ್ನಡದ ಪುಸ್ತಕಗಳು ರಾಶಿ ಇವೆ, ಒಂದು ರೂಪಾಯಿಯೂ ಇಲ್ಲ. ಒಂದೇ ಕತೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತದೆ. ಮಗನಿಗೆ ಇದು ಜಾಸ್ತಿ ಉಪಯೋಗ. ಇಂಗ್ಲಿಷಿನಲ್ಲಿ ಮೊದಲು ಓದಿಕೊಳ್ಳಲಿ. ಕತೆ ಗೊತ್ತಾದ ಮೇಲೆ ಕನ್ನಡದ್ದು ತೆರೆದರೆ ಪದ ಊಹಿಸುವುದು ಸುಲಭ. ಚೆನ್ನೈನ ತೂಲಿಕಾ ಪ್ರಕಾಶನದವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕ ಮಾಡುತ್ತಾರೆ, ಚಿತ್ರಗಳು ತುಂಬ ಚೆಂದ. ಅದರಲ್ಲಿ ಒಂದು ತೊಂದರೆ ಇದೆ. ಮಗನ ಕಣ್ಣು ತಾನಾಗಿ ಇಂಗ್ಲಿಷ್ ಸಾಲಿಗೇ ಹೋಗುತ್ತದೆ. ಹಾಗಾಗಿ ಅದನ್ನು ಮಗಳಿಗೆ ಅಂತ ತನ್ನಿ. ಅಂದಹಾಗೆ ಸ್ಟೋರಿವೀವರ್ ಕತೆಗಳನ್ನು ಫೋನಿನಲ್ಲಿ ಕೊಡುವ ಬದಲು ನಾಲ್ಕೈದನ್ನು ಪ್ರಿಂಟ್ ಹಾಕಿಸಿ, ಪಿನ್ ಹೊಡೆದು ಕೊಡಿ. ಕಪ್ಪು ಬಿಳುಪು ಪ್ರಿಂಟ್ ಆದರೆ ಇನ್ನೂ ಒಳ್ಳೆಯದು, ಮಗಳು ತಾನೇ ಬಣ್ಣ ಹಚ್ಚುತ್ತಾಳೆ.

ಅಂಗಡಿಯಲ್ಲಿ ನಿಂತು ಕಣ್ಣಿನ ಪುಸ್ತಕ ಆರಿಸುವಾಗ ನಾನು ಏನು ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ಮೊದಲ ಪುಟ ನೋಡುವುದಿಲ್ಲ, ನಡುವಿನ ಪುಟ ತೆರೆಯುತ್ತೇನೆ. ಒತ್ತಕ್ಷರ ಎಷ್ಟಿದೆ, ಎಂಥದ್ದಿದೆ? 'ಅಪ್ಪ', 'ಹಕ್ಕಿ', 'ಬೆಲ್ಲ' ಕಷ್ಟ ಅಲ್ಲ, ಅದೇ ಅಕ್ಷರದ ಒತ್ತು ಅದೇ ಅಕ್ಷರಕ್ಕೆ. 'ಪ್ರಾಮಾಣಿಕತೆ', 'ದೌರ್ಭಾಗ್ಯ' ಇದ್ದರೆ ಪುಸ್ತಕ ಕೆಳಗಿಡುತ್ತೇನೆ. ಸಾಲಿನ ಕೊನೆಯಲ್ಲಿ ಪದ ಅರ್ಧಕ್ಕೆ ಕಡಿದು ಮುಂದಿನ ಸಾಲಿಗೆ ಹೋಗಿದೆಯಾ ಅಂತ ನೋಡುತ್ತೇನೆ. ಕನ್ನಡದ ಪದಗಳು ಉದ್ದ. ಅಗಲ ಕಡಿಮೆ ಇರುವ ಪುಸ್ತಕದಲ್ಲಿ ಎರಡೆರಡು ಸಾಲಿಗೊಂದು ಪದ ಮುರಿದಿರುತ್ತದೆ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ, ಮಗುವಿಗೆ ಅಲ್ಲೇ ದಾರಿ ತಪ್ಪುತ್ತದೆ. ಆಮೇಲೆ ಕತೆಯ ಕೊನೆಯ ಸಾಲು ನೋಡುತ್ತೇನೆ. 'ನೀತಿ' ಅಂತ ಬರೆದು ಎರಡು ಚುಕ್ಕಿ ಇಟ್ಟಿದ್ದರೆ ನನಗೆ ಬೇಡ.

ನೀತಿಕತೆಗಳ ಮೇಲೆ ನನಗೇನೂ ಕೋಪ ಇಲ್ಲ. ಪಂಚತಂತ್ರ ಬಹಳ ಬುದ್ಧಿವಂತರು ಕಟ್ಟಿದ ಕತೆಗಳ ಗಂಟು. ಅಂಗಡಿಯಲ್ಲಿ ಸಿಗುವುದು ಅದರ ಸಿಪ್ಪೆ. ಕತೆಯನ್ನು ಹತ್ತು ಸಾಲಿಗೆ ಇಳಿಸಿ, ಮಾತುಕತೆ ಎಲ್ಲ ತೆಗೆದು, ಕೊನೆಗೊಂದು ಉಪದೇಶ ಅಂಟಿಸಿರುತ್ತಾರೆ. ಅಂಥ ನಾಲ್ಕು ಕತೆ ಓದಿದ ಮಗು ಐದನೆಯದರಲ್ಲಿ ನೇರ ಕೊನೆಯ ಸಾಲಿಗೆ ಹೋಗುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ.

ನೂರು ವರ್ಷದ ಹಿಂದೆಯೇ ನಮ್ಮವರು ಇದನ್ನು ಬಿಟ್ಟು ಬೇರೆ ದಾರಿ ಹಿಡಿದಿದ್ದರು ಅನ್ನುವುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ. 1921ರಲ್ಲಿ ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಅವರ ಕತೆಗಳ ಹೆಸರೇ ಕೇಳಿ: 'ಇಲಿಗಳ ಥಕಥೈ', 'ಗುಡುಗುಡು ಗುಮ್ಮಟ ದೇವರು'. ಬಾಯಿಗೆ ಹಾಕಿಕೊಂಡರೆ ಕುಣಿಯುತ್ತವೆ. ನೀವು ಹೊಸ ಪುಸ್ತಕ ಕೇಳಿದ್ದೀರಿ, ನಾನು ಹಳೆಯದಕ್ಕೆ ಹೋದೆ. ಆದರೆ ಇವು ಕಿವಿಯ ಪುಸ್ತಕಗಳಲ್ಲಿ ಇವತ್ತಿಗೂ ಮೊದಲ ಸಾಲಿನವು. ಮಗಳಿಗೆ ಓದಿ, ಮಗ ಪಕ್ಕದ ಕೋಣೆಯಿಂದ ಬರುತ್ತಾನೆ.

ನೀವು ತುಂಗೆಯ ದಡದವರು, ಆದ್ದರಿಂದ ಇನ್ನೊಂದು ಹಳೆಯದನ್ನೂ ಹೇಳದೆ ಇರಲಾರೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಂಗ್ಲಿಷಿನಲ್ಲಿ ಬ್ರೌನಿಂಗ್ ಬರೆದ ಪದ್ಯದಲ್ಲಿ ಊರು ಜರ್ಮನಿಯ ಹ್ಯಾಮೆಲಿನ್. ಕುವೆಂಪು ಅದನ್ನು ಎತ್ತಿ ತಂದು ತುಂಗಾ ತೀರದಲ್ಲಿ ಇಟ್ಟರು. ನಿಮ್ಮ ಮಗ ಇಂಗ್ಲಿಷಿನಲ್ಲಿ ಪೈಡ್ ಪೈಪರ್ ಕತೆ ಓದಿಯೇ ಇರುತ್ತಾನೆ. ಈಗ ಕನ್ನಡದ್ದು ಓದಿ ಹೇಳಿ. ಇಲಿಗಳು ಬರುವ ಜಾಗದಲ್ಲಿ ಎಂತೆಂಥ ಇಲಿಗಳು, ಹೇಗೆ ಹೇಗೆ ಬಂದವು ಅಂತ ಒಂದೇ ಉಸಿರಿನಲ್ಲಿ ಓದಬೇಕು. ನಮ್ಮ ಲೈಬ್ರರಿಯಲ್ಲಿ ಆ ಭಾಗಕ್ಕೆ ಮಕ್ಕಳು ನೆಲ ಬಡಿಯುತ್ತಾರೆ. ಆಮೇಲೆ ಒಂದು ಸಂಜೆ ಇಬ್ಬರನ್ನೂ ಹೊಳೆ ಹತ್ತಿರ ಕರೆದುಕೊಂಡು ಹೋಗಿ, ಅಷ್ಟೇ.

ಈಗ ಹೊಸ ಪುಸ್ತಕಗಳು. ಅಂಗಡಿಯಲ್ಲಿ ಯಾಕೆ ಕಾಣುವುದಿಲ್ಲ ಅಂದರೆ, ಕನ್ನಡದಲ್ಲಿ ಮಕ್ಕಳ ಕಾದಂಬರಿಯೋ ಕತೆಯೋ ಹೊಸದಾಗಿ ಬಂದರೆ ಕಡಿಮೆ ಪ್ರತಿ ಅಚ್ಚಾಗುತ್ತದೆ. ಸಾವಿರ ಪ್ರತಿ ಅಂದರೆ ಒಳ್ಳೆಯ ಸಂಖ್ಯೆ. ಪುಸ್ತಕದಂಗಡಿಯವರು ಶಾಲೆಯ ಗೈಡು, ನೀತಿಕತೆಗೆ ಮುಂದಿನ ಕಪಾಟು ಕೊಡುತ್ತಾರೆ, ಅವು ಬೇಗ ಮಾರಾಟವಾಗುತ್ತವೆ. 'ಮಕ್ಕಳ ಪುಸ್ತಕ ಕೊಡಿ' ಅಂದರೆ ಮುಂದಿನ ಕಪಾಟೇ ಸಿಗುವುದು. ಹೆಸರು ಹಿಡಿದು ಕೇಳಬೇಕು. ಹೆಸರು ಗೊತ್ತಾಗುವುದು ಹೇಗೆ? ನಾನು ಹಿಡಿದಿರುವ ದಾರಿ ಒಂದು ಹೇಳುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಪ್ರತಿ ವರ್ಷ ಒಂದೊಂದು ಭಾಷೆಗೂ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಆ ಪಟ್ಟಿ ನೋಡಿದರೆ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಯಾರು ಮಕ್ಕಳಿಗೆ ಬರೆಯುತ್ತಿದ್ದಾರೆ ಅಂತ ತಿಳಿಯುತ್ತದೆ. ಪ್ರಶಸ್ತಿ ಬಂದದ್ದೆಲ್ಲ ನಿಮ್ಮ ಮಗುವಿಗೆ ಹಿಡಿಸಬೇಕು ಅಂತಿಲ್ಲ, ಆದರೆ ಹುಡುಕಲು ಒಂದು ತುದಿ ಸಿಗುತ್ತದೆ. ಆ ಲೇಖಕರ ಬೇರೆ ಪುಸ್ತಕಗಳಿಗೂ ಅಲ್ಲಿಂದ ಹೋಗಬಹುದು.

ಆ ಪಟ್ಟಿಯಿಂದ ನಿಮ್ಮ ಮನೆಗೆ ನಾನು ಮೊದಲು ಆರಿಸುವುದು ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2022ರಲ್ಲಿ ಪುರಸ್ಕಾರ ಬಂದದ್ದು. ಅವರು ಸಿದ್ದಾಪುರದ ಕಡೆಯವರು, ಶಾಲೆ ಮೇಷ್ಟ್ರಾಗಿದ್ದವರು. ನಿಮ್ಮ ಜಿಲ್ಲೆಯ ಸಾಗರ ದಾಟಿದರೆ ಸಿದ್ದಾಪುರ, ಅಲ್ವಾ? ಅವರ ಬರವಣಿಗೆಯಲ್ಲಿ ಬರುವ ಕಾಡು, ಗದ್ದೆ, ಮಳೆ, ಮಕ್ಕಳು ನಿಮ್ಮ ಮಗನಿಗೆ ಪರದೇಶದ್ದು ಅನ್ನಿಸುವುದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಓಕ್ ಮರ, ಹಿಮ, ಬೋರ್ಡಿಂಗ್ ಶಾಲೆ ಓದಿ ಓದಿ ಬಂದ ಮಕ್ಕಳು ತಮ್ಮ ಕಡೆಯ ಮರದ ಹೆಸರು ಅಚ್ಚಿನಲ್ಲಿ ಕಂಡಾಗ ಒಂದು ಕ್ಷಣ ತಲೆ ಎತ್ತಿ ನೋಡುತ್ತಾರೆ. 'ಇದು ನಮ್ಮಲ್ಲೂ ಇದೆ' ಅನ್ನುತ್ತಾರೆ. ಆ ಒಂದು ಮಾತು ಬಂತೋ, ಮುಂದಿನ ಪುಟಕ್ಕೆ ಹೋಗುತ್ತಾರೆ.

ಘಟ್ಟದ ಕೆಳಗಿನ ಕುಂದಾಪುರ ಸೀಮೆಯ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' 2023ರಲ್ಲಿ ಪುರಸ್ಕಾರ ಪಡೆದದ್ದು. ಸೂರಕ್ಕಿ ಅಂದರೆ ಹೂವಿನಿಂದ ಹೂವಿಗೆ ಹಾರಿ ಮಕರಂದ ಹೀರುವ ಪುಟಾಣಿ ಹಕ್ಕಿ, ನಿಮ್ಮ ಮನೆಯ ದಾಸವಾಳಕ್ಕೂ ಬರುತ್ತಿರುತ್ತದೆ. ಧಾರವಾಡದ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' 2021ರ ಪುರಸ್ಕಾರ ಪಡೆದದ್ದು. ಆ ಪುಸ್ತಕವನ್ನು ಮುಖಪುಟ ಕಾಣುವ ಹಾಗೆ ನಿಲ್ಲಿಸಿದರೆ ಸಾಕು, ಹೆಸರು ನೋಡಿಯೇ ಹುಡುಗರು ಕೈ ಹಾಕುತ್ತಾರೆ. ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' 2024ರದ್ದು, ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್‌ಬುಕ್' 2025ರದ್ದು. ಇವೆರಡೂ ಬಿಡಿ ಕತೆಗಳು, ರಾತ್ರಿಗೊಂದು ಓದಬಹುದು. ಇವೆಲ್ಲ ಮೊದಲು ಕಿವಿಯ ಪುಸ್ತಕಗಳಾಗಿಯೇ ಮನೆಗೆ ಬರಲಿ. ಮಗ ಆಮೇಲೆ ತಾನೇ ತೆಗೆದುಕೊಂಡರೆ ಸಂತೋಷ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ನನ್ನ ಮಾತು ಕೇಳುವುದಾದರೆ 'ಬಾವಲಿ ಗುಹೆ' ಒಂದು, ಜೊತೆಗೆ ಒಂದು ಬಿಡಿಕತೆಗಳ ಪುಸ್ತಕ.

ಅನುವಾದಗಳಲ್ಲಿ ಒಂದೇ ಒಂದು ಹೇಳು ಅಂದರೆ 'ತೊತ್ತೋಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮದೇ ಬಾಲ್ಯದ ಬಗ್ಗೆ 1981ರಲ್ಲಿ ಬರೆದ ಪುಸ್ತಕ. ವಿ. ಗಾಯತ್ರಿ ಕನ್ನಡಕ್ಕೆ ತಂದರು, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ತುಂಟಿ ಅಂತ ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ. ಹೊಸ ಶಾಲೆಯ ಕ್ಲಾಸ್‌ರೂಮುಗಳು ಹಳೆಯ ರೈಲು ಬೋಗಿಗಳು. ಹೆಡ್‌ಮೇಷ್ಟ್ರು ಕೊಬಯಾಶಿ ಮೊದಲ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಹೇಳು ಅನ್ನುತ್ತಾರೆ. ಅವಳು ನಾಲ್ಕು ಗಂಟೆ ಮಾತಾಡುತ್ತಾಳೆ, ಅವರು ನಾಲ್ಕು ಗಂಟೆ ಕೇಳುತ್ತಾರೆ. ನಾನು ಇದನ್ನು ಓದಿ ಹೇಳಿದಾಗ ಒಂದು ಮಗು ಕೈ ಎತ್ತಿ, 'ಆ ರೈಲು ಯಾವತ್ತಾದರೂ ಹೊರಡುತ್ತಾ ಮಿಸ್?' ಅಂತ ಕೇಳಿತ್ತು. ತೊತ್ತೋಚಾನ್‌ಗೂ ಮೊದಲ ದಿನ ಅದೇ ಸಂಭ್ರಮ. ಅಧ್ಯಾಯಗಳು ಎರಡು ಮೂರು ಪುಟದವು, ಮಲಗುವ ಹೊತ್ತಿಗೆ ಹೇಳಿ ಮಾಡಿಸಿದ ಹಾಗೆ. ಕೊನೆಯ ಕಡೆ ಯುದ್ಧ ಬರುತ್ತದೆ, ಶಾಲೆ ಬಾಂಬಿಗೆ ಸುಟ್ಟುಹೋಗುತ್ತದೆ. ಅದನ್ನು ಮುಚ್ಚಿಡಬೇಡಿ. ಮಗ ಪ್ರಶ್ನೆ ಕೇಳಿದರೆ ಕೂತು ಮಾತಾಡಿ.

ಓದಿ ಹೇಳುವ ರೀತಿಯ ಬಗ್ಗೆ ಸ್ವಲ್ಪ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಅದೇ ಹೊತ್ತಿಗೆ ಆಗಲಿ. 'ಹೋದನು', 'ಬಂದಳು' ಅಂತಿದ್ದರೆ ನೀವು ಮನೆಯಲ್ಲಿ ಆಡುವ ಹಾಗೆ 'ಹೋದ', 'ಬಂದ್ಲು' ಅಂತಲೇ ಓದಿ, ಯಾರೂ ಬೈಯುವುದಿಲ್ಲ. ಕುಂದಾಪುರದ ಮಾತೋ ಧಾರವಾಡದ ಮಾತೋ ಬಂದರೆ ಇದ್ದ ಹಾಗೇ ಓದಿ. ಮಗ ಪಕ್ಕದಲ್ಲಿ ಪುಟ ಕಾಣುವ ಹಾಗೆ ಕೂತಿರಲಿ. ನಿಮ್ಮ ಬೆರಳು ಸಾಲಿನ ಕೆಳಗೆ ಸುಮ್ನೆ ಸಾಗುತ್ತಿರಲಿ. ಕೆಲವು ವಾರ ಆದ ಮೇಲೆ ಸಾಲಿನ ಕೊನೆಯ ಪದ ಓದದೆ ಒಂದು ಕ್ಷಣ ತಡೆಯಿರಿ. ಅವನೇ ಅದನ್ನು ತುಂಬುತ್ತಾನೆ. ಕತೆ ಮುಗಿದ ಮೇಲೆ 'ಇದರಿಂದ ಏನು ಕಲಿತೆ?' ಅಂತ ಮಾತ್ರ ಕೇಳಬೇಡಿ. ಸಿನಿಮಾ ನೋಡಿ ಬಂದ ಮೇಲೆ ನಾವು ಯಾರನ್ನೂ ಹಾಗೆ ಕೇಳುವುದಿಲ್ಲ.

ಮಗನಿಗೆ ಇನ್ನೊಂದು ಉಪಾಯ ಇದೆ, ನನಗೆ ಇದರಲ್ಲಿ ತುಂಬ ನಂಬಿಕೆ. ನಾಟಕ. ನಾಟ್ಕದ ಪುಸ್ತಕದಲ್ಲಿ ಸಾಲುಗಳು ಚಿಕ್ಕವು, ಮಾತಿನ ಕನ್ನಡ ಇರುತ್ತದೆ, ಪುಟದಲ್ಲಿ ಖಾಲಿ ಜಾಗ ಜಾಸ್ತಿ. ನಿಧಾನ ಓದುವ ಕಣ್ಣಿಗೆ ಇದು ಬಹಳ ಹಿತ. ವೈದೇಹಿ ಅವರು ಮಕ್ಕಳಿಗಾಗಿಯೇ ನಾಟಕಗಳನ್ನು ಬರೆದಿದ್ದಾರೆ. 'ಧಾಂ ಧೂಂ ಸುಂಟರಗಾಳಿ' ತನ್ನಿ. ಅದು ಷೇಕ್ಸ್‌ಪಿಯರ್‌ನ ನಾಟಕವೊಂದರಿಂದ ಬಂದದ್ದು, ಮಕ್ಕಳಿಗೆ ಅದು ಗೊತ್ತಿರಬೇಕಾಗಿಲ್ಲ. ರಜೆಯಲ್ಲಿ ಅಕ್ಕನ ಮಗಳು ಬಂದಾಗ ಮೂವರೂ ಪಾತ್ರ ಹಂಚಿಕೊಂಡು ಓದಲಿ. ಪಾತ್ರದ ಮಾತು ಬಾಯಿಪಾಠ ಆಗಬೇಕಾದರೆ ಅದೇ ಸಾಲನ್ನು ಇಪ್ಪತ್ತು ಸಲ ನೋಡಲೇಬೇಕು. ಅರ್ಕಾವೊತ್ತೂ ಅಷ್ಟರಲ್ಲಿ ಪಳಗಿರುತ್ತದೆ.

ಇನ್ನು 14 ವರ್ಷದ ಹುಡುಗಿ. ಇಲ್ಲಿ ನಮ್ಮ ಕಪಾಟು ತೆಳು, ಒಪ್ಪಿಕೊಳ್ಳಬೇಕು. ಪುಟ್ಟ ಮಕ್ಕಳಿಗೆ ಪುಸ್ತಕ ಇದೆ, ದೊಡ್ಡವರಿಗೆ ಬೇಕಾದಷ್ಟಿದೆ. ನಡುವಿನ ವಯಸ್ಸಿನ ಮಕ್ಕಳ ಬದುಕು, ಅವರ ಸ್ನೇಹ, ಸಿಟ್ಟು, ನಾಚಿಕೆ, ಶಾಲೆ, ಮೊಬೈಲ್ ಇಟ್ಟುಕೊಂಡು ಬರೆದ ಕನ್ನಡ ಕಾದಂಬರಿಗಳು ಕಡಿಮೆ. ಬರೆಯುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಮಕ್ಕಳ ಕಡೆ ನೋಡಿ. ನಮ್ಮ ಲೈಬ್ರರಿಗೆ ಎಂಟನೇ ಕ್ಲಾಸಿನ ತನಕ ಓಡಿ ಬರುತ್ತಿದ್ದ ಮಕ್ಕಳು ಅಲ್ಲಿಂದ ಮುಂದೆ ಬರುವುದು ನಿಲ್ಲಿಸುತ್ತಾರೆ. ಟ್ಯೂಷನ್ ಒಂದೇ ಕಾರಣ ಅಲ್ಲ.

ಈ ವಯಸ್ಸಿನವರಿಗೆ 'ಮಕ್ಕಳಿಗಾಗಿ' ಅಂತ ಮುಖಪುಟದ ಮೇಲೆ ಬರೆದಿರುವ ಯಾವ ಪುಸ್ತಕವನ್ನೂ ಕೊಡಬೇಡಿ. ತೇಜಸ್ವಿ ಕೊಡಿ. ಪೂರ್ಣಚಂದ್ರ ತೇಜಸ್ವಿ ಮಕ್ಕಳಿಗೆ ಅಂತ ಬರೆದವರಲ್ಲ. ಆದರೂ ಹದಿನಾಲ್ಕು ಹದಿನೈದು ವರ್ಷದವರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡಿದ್ದಾರೆ. ಯಾವ ಪುಸ್ತಕ ಅನ್ನುವುದಕ್ಕೆ ಅವಳು ಮೊಬೈಲಿನಲ್ಲಿ ಏನು ನೋಡುತ್ತಾಳೆ ಅಂತ ಮೆಲ್ಲಗೆ ತಿಳಿದುಕೊಳ್ಳಿ. ನಾಯಿ, ಬೆಕ್ಕು, ಹಕ್ಕಿಗಳ ವಿಡಿಯೋ ನೋಡುವವಳಾದರೆ 'ಪರಿಸರದ ಕತೆ'. ಅದರಲ್ಲಿ 'ಸುಸ್ಮಿತ ಮತ್ತು ಹಕ್ಕಿ ಮರಿ' ಅಂತ ಒಂದಿದೆ, ಅಲ್ಲಿಂದಲೇ ಶುರು ಮಾಡಲಿ. ಸಾಹಸ, ಪ್ರವಾಸದ ವಿಡಿಯೋ ನೋಡುವವಳಾದರೆ ಅವರು ಕನ್ನಡಕ್ಕೆ ತಂದ 'ಮಹಾಪಲಾಯನ', ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು ಭಾರತದವರೆಗೆ ನಡೆದು ಬಂದವರ ಕತೆ. ಏನು ನೋಡುತ್ತಾಳೆ ಅಂತ ಗೊತ್ತಾಗಲೇ ಇಲ್ಲ ಅಂದರೆ 'ಕರ್ವಾಲೊ'. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಒಂದು ಹಾರುವ ಓತಿ. ಮಲೆನಾಡಿನಲ್ಲಿ ಬೆಳೆದ ಹುಡುಗಿಗೆ ಅದರ ಕಾಡು ಪರಿಚಯದ್ದೇ. ಉಡುಗೊರೆ ಕೊಟ್ಟ ಮೇಲೆ 'ಓದಿದೆಯಾ?' ಅಂತ ಫೋನ್ ಮಾಡಬೇಡಿ. ಕಾಯಿರಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಏನಿದೆ ಅಂತ ಒಂದು ದಿನ ಹೋಗಿ ನೋಡಿ. ನಿಮ್ಮ ತವರು ಹಳ್ಳಿಯಾಗಿದ್ದರೆ ಅಲ್ಲಿನ ಗ್ರಾಮ ಪಂಚಾಯಿತಿ ಲೈಬ್ರರಿಯನ್ನೂ ನೋಡಿ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ರಜೆಗೆ ಅಜ್ಜಿ ಮನೆಗೆ ಹೋದಾಗ ಮಕ್ಕಳಿಗೆ ಒಂದು ಜಾಗ ಆಯಿತು. ಅಲ್ಲಿ ಸಿಗುವುದನ್ನು ಕೊಳ್ಳಬೇಕಾಗಿಲ್ಲ. ಸಿಗದೆ ಇರುವುದನ್ನು ಅಂಗಡಿಯಲ್ಲಿ ಹೆಸರು, ಲೇಖಕರು ಬರೆದುಕೊಟ್ಟು ತರಿಸಿಕೊಡಿ ಅನ್ನಿ, ಇಲ್ಲವೇ ಆನ್‌ಲೈನ್ ಕನ್ನಡ ಪುಸ್ತಕದಂಗಡಿಗಳಲ್ಲಿ ಹುಡುಕಿ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುತ್ತದೆ, ಒಂದಷ್ಟು ದುಡ್ಡು ಆಗಕ್ಕೆ ಉಳಿಸಿಕೊಂಡರೂ ನಷ್ಟ ಇಲ್ಲ.

ಈಗ ಕೊಳ್ಳುವುದು ಇಷ್ಟು: ಪ್ರಥಮ್‌ನ ತೆಳು ಪುಸ್ತಕ ಎಂಟು ಹತ್ತು, 'ತೊತ್ತೋಚಾನ್', 'ಬಾವಲಿ ಗುಹೆ', ಒಂದು ಬಿಡಿಕತೆಗಳ ಪುಸ್ತಕ, ವೈದೇಹಿ ಅವರ ನಾಟಕ, ಅಕ್ಕನ ಮಗಳಿಗೆ ಒಂದು ತೇಜಸ್ವಿ. ಉಳಿದ ದುಡ್ಡನ್ನು ಮಗನ ಕೈಗೆ ಕೊಟ್ಟು ಅಂಗಡಿಯಲ್ಲಿ ಬಿಟ್ಟುಬಿಡಿ. ಕನ್ನಡದ್ದು ಯಾವುದಾದರೂ ಒಂದು ತಾನೇ ಆರಿಸಲಿ. ನಿಮಗೆ ಹಿಡಿಸದ್ದನ್ನು ಆರಿಸಬಹುದು, ಭೂತದ ಕತೆ ಆಗಿರಬಹುದು, ಕ್ರಿಕೆಟ್ ಆಗಿರಬಹುದು, ನಾನು ಬೇಡ ಅಂದ ನೀತಿಕತೆಯೇ ಆಗಿರಬಹುದು. ಬೇಡ ಅನ್ನಬೇಡಿ, ಬಿಲ್ ಮಾಡಿಸಿ. ಅದರ ಮೇಲೆ ಅವನ ಹೆಸರನ್ನು ಕನ್ನಡದಲ್ಲಿ ಅವನೇ ಬರೆಯಲಿ.

ಮೂರು ತಿಂಗಳಾದ ಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ಯಾವ ಪುಸ್ತಕದ ಮೂಲೆ ಮೊದಲು ಮಡಚಿತು, ತಂಗಿ ಯಾವ ಕತೆಯನ್ನು ಮತ್ತೆ ಮತ್ತೆ ಓದಿಸಿಕೊಂಡಳು, ಇಷ್ಟು ಬರೆದರೆ ಸಾಕು. ಮುಂದಿನ ಪುಸ್ತಕ ಯಾವುದು ಅಂತ ಆಗ ಹೇಳುತ್ತೇನೆ.